ಚಿಕ್ಕಬೋರಮ್ಮ ಕೊಟ್ಟ ಕನಕಾಂಬರ

ಹೊಸಕೊಪ್ಪಲು, ಮದ್ದೂರು ತಾಲ್ಲೂಕು
೨೨-೧೧-೧೯೩೬

ಪ್ರೀತಿಯ ಪಂಕಜಕ್ಕನಿಗೆ,

ನಿನ್ನ ತಂಗಿ ಗೋದಾಳ ನಮಸ್ಕಾರ. ನಾನು, ಇವರು, ಮಗ ಕಸ್ತೂರಿ ಮೂವರೂ ಆರೋಗ್ಯ. ಮಳವಳ್ಳಿಯಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದಸರೆಗೆ ಮುಂಚೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಎರಡು ಸಲ ಬರೆದು ಹರಿದುಹಾಕಿದೆ.

ನೀನು ಕೇಳಿದ್ದ ಕನಕಾಂಬರದ ಒಣಕಾಯಿಗಳನ್ನು ಪೊಟ್ಟಣ ಕಟ್ಟಿ ಇದರೊಳಗೆ ಇಟ್ಟಿದ್ದೇನೆ. ಒದ್ದೆ ಕೈಯಲ್ಲಿ ಮುಟ್ಟಬೇಡ. ನೀರು ಸೋಕಿದರೆ ಚಟ್ಟೆಂದು ಸಿಡಿದು ಬೀಜವೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ. ಕೆಂಪುಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ಮಡಿ ಮಾಡು. ಬೀಜ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸು. ಐದಾರು ಎಲೆ ಬಂದ ಮೇಲೆ ಒಂದೊಂದು ಗೇಣು ಬಿಟ್ಟು ನೆಡು. ಇದನ್ನೆಲ್ಲ ನನಗೆ ಕಲಿಸಿದವಳು ಪಕ್ಕದ ಮನೆಯ ಚಿಕ್ಕಬೋರಮ್ಮ. "ಬಿಸ್ಲೂ ಸ್ಯಾನೆ ಬೇಡ, ನೆಳ್ಳೂ ಸ್ಯಾನೆ ಬೇಡ. ನೀರು ನಿಂತ್ರೆ ಬೇರು ಕೊಳ್ತೋಯ್ತದೆ ಕಣ್ರಮ್ಮ" ಎನ್ನುತ್ತಿದ್ದಳು.

ಅವಳ ಗಿಡಗಳು ಮೊದಲು ಅವಳ ಹೊಲದ ಬದುವಿನಲ್ಲಿದ್ದವು. ನಾಲೆ ಬಂದ ಮೇಲೆ ಗಂಡ ಜವರಯ್ಯ ಹೊಲವನ್ನು ಗದ್ದೆ ಮಾಡಿದ. ಆಗ ಅವಳೂ ಮಗಳು ಮುದ್ದಮ್ಮನೂ ಬುಟ್ಟಿಗಳಲ್ಲಿ ಸಸಿ ಹೊತ್ತು ತಂದು, ಎತ್ತರದಲ್ಲಿರುವ ನಮ್ಮ ಹಿತ್ತಲಲ್ಲಿ ನೆಟ್ಟರು. ಹದಿನಾರರ ಆ ಹುಡುಗಿ ದಿನಾ ಬೆಳಿಗ್ಗೆ ಬಂದು ಹೂ ಬಿಡಿಸಿ, ನಮ್ಮ ಪೂಜೆಗೆ ಒಂದಷ್ಟು ಎಲೆಯ ಮೇಲಿಟ್ಟು ಹೋಗುತ್ತಿದ್ದಳು.

ಅಕ್ಕ, ಆ ಹುಡುಗಿ ಹೋಗಿಬಿಟ್ಟಳು.

ಊರ ಸುತ್ತ ನೀರು ನಿಂತು ಈ ಸಲ ಚಳಿಜ್ವರ ಯಾವ ಮನೆಯನ್ನೂ ಬಿಡಲಿಲ್ಲ. ಮುದ್ದಮ್ಮನಿಗೆ ದಿನ ಬಿಟ್ಟು ದಿನ ನಡುಕ ಬರುತ್ತಿತ್ತು. ನಾಲ್ಕನೇ ಸಲ ಬಂದಾಗ ಎಚ್ಚರ ತಪ್ಪಿತು. ಎರಡು ದಿನ ನೋಡಿ, ಜವರಯ್ಯ ಗಾಡಿ ಕಟ್ಟಿ ಮಂಡ್ಯದ ಆಸ್ಪತ್ರೆಗೆ ಹೊರಟ. ಮಧ್ಯಾಹ್ನದ ಹೊತ್ತಿಗೆ ಗಾಡಿ ತಿರುಗಿ ಬಂತು. ಚಿಕ್ಕಬೋರಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲು ಬೀಳದ ಹಾಗೆ ಸೆರಗು ಹಿಡಿದೇ ಕೂತಿದ್ದಳು.

ಆಮೇಲೆ ಅವಳು ನಮ್ಮ ಹಿತ್ತಲಿಗೆ ಕಾಲಿಟ್ಟಿರಲಿಲ್ಲ. ನಿನ್ನೆ ತಾನೇ ಬಂದು ಕನಕಾಂಬರದ ಒಣಗಿದ ತೆನೆಗಳನ್ನು ಕಾಯಿ ಸಮೇತ ಕಿತ್ತು ಕೊಟ್ಟಳು. "ನಿಮ್ಮಕ್ಕಾರು ಕೇಳಿದ್ರಲ್ಲಾ, ಕಳ್ಸಿ. ಇನ್ ನಾನು ಊ ಬುಡ್ಸಾಕಿಲ್ಲ" ಎಂದಳು.

ಮಕ್ಕಳನ್ನು ಸೊಳ್ಳೆಪರದೆಯೊಳಗೆ ಮಲಗಿಸು. ಅವರಿಗೆ ನನ್ನ ಆಶೀರ್ವಾದ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ. ಭಾವನವರಿಗೆ ನಮಸ್ಕಾರ.

ನಿನ್ನ ತಂಗಿ,
ಗೋದಾ

ತಾ.ಕ. ಹರಿದುಹಾಕಿದ ಕಾಗದಗಳಲ್ಲಿ ಇದೇ ಇತ್ತು. ಮುದ್ದಮ್ಮ ಎಚ್ಚರ ತಪ್ಪಿದ ದಿನ ಚಿಕ್ಕಬೋರಮ್ಮ ನಮ್ಮ ಬಾಗಿಲಿಗೆ ಬಂದಿದ್ದಳು. ಊರಿಗೆ ಹಂಚಲೆಂದು ಇವರ ಶಾಲೆಗೆ ಚಳಿಜ್ವರದ ಕ್ವಿನೈನ್ ಗುಳಿಗೆ ಬಂದಿತ್ತು, ಅದನ್ನು ಕೇಳಿದಳು. "ಎಣ್ಣು ಕಣ್ಣೇ ಬುಡ್ತಿಲ್ಲ, ಒಸಿ ಕೊಡಿ ಅಮ್ಮಾರೆ." ಇನ್ನಷ್ಟು ತರಲು ಇವರು ಮಂಡ್ಯಕ್ಕೆ ಹೋಗಿದ್ದರು. "ಎಲ್ಲ ಮುಗಿದುಹೋಯಿತು" ಎಂದೆ. ಮುಗಿದಿರಲಿಲ್ಲ ಅಕ್ಕ. ಹನ್ನೆರಡು ಗುಳಿಗೆ ಕಸ್ತೂರಿಗೆ ಬೇಕಾದೀತೆಂದು ಬಚ್ಚಿಟ್ಟಿದ್ದೆ. ಅವನಿಗೆ ಜ್ವರ ಬಂದಿರಲಿಲ್ಲ. ಇವತ್ತಿಗೂ ಬಂದಿಲ್ಲ. ಇವರು ಗುಳಿಗೆ ತರುವ ಹೊತ್ತಿಗೆ ಗಾಡಿ ಹೊರಟುಹೋಗಿತ್ತು. ಕೊಟ್ಟಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಯಾರನ್ನು ಕೇಳಲಿ? ಇವರಿಗೂ ಹೇಳಿಲ್ಲ.

ನಿನ್ನೆ ಆ ತೆನೆಗಳನ್ನು ಕೈಗೆ ತೆಗೆದುಕೊಳ್ಳುವಾಗ ಅಳು ತಡೆಯಲಾಗಲಿಲ್ಲ. ಅವಳೇ ನನ್ನ ಕೈ ಹಿಡಿದುಕೊಂಡು, "ನೀವ್ಯಾಕ್ ಅಳ್ತೀರಿ? ನಿಮ್ತಾವ ಇದ್ದಿದ್ರೆ ಕೊಡ್ದೆ ಇರ್ತಿದ್ರಾ ಅಮ್ಮಾರೆ?" ಎಂದಳು.

ಕೊಡುತ್ತಿದ್ದೆನೆಂಬಂತೆ ನಾನು ತಲೆಯಾಡಿಸಿದೆ.