ಸೊಪ್ಪಿನ ಗಾಡಿಯ ಬ್ಯಾಟರಿ

ಜೂನ್ 3, ಮಂಗಳವಾರ

ಬರೆಯಬೇಕಂತೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಸೊಪ್ಪು ಕಟ್ಟುವ ಕೈಗೆ ಪೆನ್ನು ಕೊಟ್ಟು ಹೋಗಿದ್ದಾಳೆ ಪ್ರಿಯಾ, ತಮ್ಮ ಪಿಳ್ಳನ ಮಗಳು. ಅವನು ಮಲಗಿರುವ ಆಸ್ಪತ್ರೆ ವಾರ್ಡಿನಲ್ಲಿ ಕೂಗಾಡಿದೆನಂತೆ. ನರ್ಸು ಅವಳಿಗೆ ಬೈದಳಂತೆ.

"ಅತ್ತೆ, ಬಯ್ಯೋದೆಲ್ಲ ಇದ್ರಲ್ಲಿ ಬಯ್ಯಿರಿ. ಅಪ್ಪನ ಮುಂದೆ ಬೇಡ."

ಸರಿ, ಬಯ್ಯುತ್ತೇನೆ. ಪಿಳ್ಳ, ನೀನು ಮೂರ್ಖ. ಶಿವಾಜಿನಗರದಲ್ಲಿ ಇಷ್ಟು ವರ್ಷ ಮೋಟಾರ್ ವೈಂಡಿಂಗ್ ಮಾಡಿದವನು. ಅಕ್ಕನ ಮಂಡಿ ಸವೆದಿದೆ, ತಳ್ಳುಗಾಡಿ ತಳ್ಳಲಾರಳು ಎಂದು ನೀನೇ ಮೋಟಾರ್ ಕೂರಿಸಿದೆ. ಹಲಗೆಯ ಕೆಳಗೆ ಬ್ಯಾಟರಿ ಡಬ್ಬ ಕಟ್ಟಿದೆ. ಹಲಸೂರಿನ ಏರಿನಲ್ಲಿ ನಾನು ರಾಣಿ ಹಾಗೆ ಹೋದೆ. ಈಗ ಅದು ಹೊತ್ತಿ ಉರಿದ ಮೇಲೆ ಪೊಲೀಸಿನವನಿಗೆ ಹೇಳುತ್ತೀಯ — "ಫ್ಯೂಸ್ ಹಾಕಿರ್ಲಿಲ್ಲ ಸಾರ್, ತಪ್ಪು ನಂದೇ."

ಫ್ಯೂಸ್ ಹಾಕದೆ ಅಕ್ಕನಿಗೆ ಗಾಡಿ ಕೊಟ್ಟೆಯಾ? ಪಾಪಿ.

ಜೂನ್ 4

ಕಣ್ಣು ಮುಚ್ಚಿದರೆ ಅದೇ. ಶನಿವಾರ ಬೆಳಿಗ್ಗೆ. ಅಂಗಳದಲ್ಲಿ ಗಾಡಿ ಚಾರ್ಜಿಗಿತ್ತು. ಪಿಳ್ಳ ಕಾಫಿ ಕುಡಿಯಲು ಬಂದಿದ್ದ. ಡಬ್ಬದಿಂದ ಹೊಗೆ. ಲೋಟ ಇಟ್ಟು ಓಡಿದ, ಪ್ಲಗ್ ಕಿತ್ತ.

"ಮುಗೀತಕ್ಕ, ಕರೆಂಟ್ ತೆಗ್ದೆ. ದೂರ ನಿಲ್ಲು."

ಮೋಟಾರ್ ಆದರೆ ಅಷ್ಟಕ್ಕೆ ತಣ್ಣಗಾಗುತ್ತದೆ. ಅವನ ಕೈಗೆ ಗೊತ್ತಿದ್ದದ್ದು ಅದೇ. ಬ್ಯಾಟರಿಗೆ ಪ್ಲಗ್ ಯಾಕೆ? ಅದರ ಕರೆಂಟು ಅದರ ಹೊಟ್ಟೆಯಲ್ಲೇ ಇರುತ್ತದೆ. ಗೋಡೆಯಾಚೆ ನನ್ನ ಗ್ಯಾಸ್ ಸಿಲಿಂಡರ್ ಇದೆ ಎಂದು ಎರಡೂ ಕೈಯಲ್ಲಿ ಡಬ್ಬ ಎಳೆದ. ಪಟಪಟ ಸಿಡಿಯಿತು. ಅವನ ಬೆರಳು...

ಸಾಕು.

ಜೂನ್ 9

ಡಾಕ್ಟರು ಆಪರೇಷನ್ ಅನ್ನುತ್ತಾರೆ. ತೊಡೆಯ ಚರ್ಮ ತೆಗೆದು ಕೈಗೆ ಹಾಕುವುದು. ತಡವಾದರೆ ಬೆರಳು ಮಡಚಿಕೊಂಡೇ ಉಳಿಯುತ್ತವಂತೆ. ಇವನು ಬೇಡ ಅನ್ನುತ್ತಾನೆ.

"ಯಾಕೋ?"

"ಕೈ ಬಂದ್ರೆ ಮತ್ತೆ ಯಾರಿಗಾದ್ರೂ ಏನಾದ್ರೂ ಕಟ್ಟಿಕೊಡ್ತೀನಿ. ಬೇಡ ಬಿಡಕ್ಕ."

ಬೈಗುಳ ನಾಲಿಗೆ ತುದಿಗೆ ಬಂತು. ನುಂಗಿದೆ. ಗಂಜಿ ತಿನ್ನಿಸಿದೆ. ಚಿಕ್ಕವನಿದ್ದಾಗಲೂ ಹೀಗೇ, ಒಂದು ತುತ್ತಿಗೆ ಒಂದು ಸಲ ಮುಖ ತಿರುಗಿಸುತ್ತಿದ್ದ.

ಜೂನ್ 17

ಅಕ್ತರ್ ಬಂದಿದ್ದರು. ಪಿಳ್ಳನ ಪಕ್ಕದ ಅಂಗಡಿಯವರು, ಬ್ಯಾಟರಿ ಸೆಲ್ ಮಾರುವವರು. ಸುಟ್ಟ ಡಬ್ಬ ಬಿಚ್ಚಿ ನೋಡಿದರಂತೆ.

"ಫ್ಯೂಸ್ ಇತ್ತು ಅಕ್ಕಾ. ನಾನೇ ಕೊಟ್ಟಿದ್ದು."

"ಮತ್ತೆ ಯಾಕೆ ಹಾಗಂದ?"

ಗದರಿಸಿದ ಮೇಲೆ ಬಾಯಿ ಬಿಟ್ಟರು. ನೀರು. ದಿನವಿಡೀ ಸೊಪ್ಪಿಗೆ ನಾನು ಚಿಮುಕಿಸುವ ನೀರು. ಹಲಗೆಯ ಸಂದಿನಲ್ಲಿ ಇಳಿದು ಡಬ್ಬದೊಳಗೆ ಹೋಗಿ, ಸೆಲ್ಲೆಲ್ಲ ತುಕ್ಕು. ಫ್ಯೂಸ್ ಹೊರಗಿನ ವೈರಿಗೆ. ಒಳಗೆ ಸೆಲ್ಲಿಗೆ ಸೆಲ್ಲೇ ಕಚ್ಚಿಕೊಂಡರೆ ಅದೇನು ಮಾಡೀತು?

ಪಿಳ್ಳನಿಗೆ ವಾರದ ಮುಂಚೆಯೇ ಗೊತ್ತಾಗಿತ್ತಂತೆ. ಡಬ್ಬದ ಮೇಲೆ ಹಾಸಲು ರಬ್ಬರ್ ಶೀಟ್ ತಂದಿಟ್ಟಿದ್ದನಂತೆ.

"ನಂಗೆ ಹೇಳೋದಲ್ವಾ?"

"ನಾನೂ ಅಂದೆ ಅಕ್ಕಾ. ಹೇಳಿದ್ರೆ ನೀರು ಹೊಡೆಯೋದೇ ಬಿಡ್ತಾಳೆ, ಸೊಪ್ಪು ಬಾಡುತ್ತೆ, ತಲೆ ಮೇಲೆ ಕೈ ಹೊತ್ತು ಕೂರ್ತಾಳೆ ಅಂದ. ಭಾನುವಾರ ಹೋಗಿ ಹಾಕ್ತೀನಿ ಅಂದ."

ಶನಿವಾರ ಉರಿಯಿತು.

ಶೀಟ್ ತಂದುಕೊಟ್ಟು ಹೋದರು. ಸುತ್ತಿದ ದಾರ ಬಿಚ್ಚಿಲ್ಲ. ಮನೆಯೆಲ್ಲ ಹೊಸ ರಬ್ಬರಿನ ವಾಸನೆ. ಇದ್ದ ಫ್ಯೂಸಿಗಾಗಿ ವಾರ್ಡ್ ಪೂರ್ತಿ ಕೇಳುವಂತೆ ಬೈದಿದ್ದೆ. ಗೋಡೆ ಕಡೆ ತಿರುಗಿ ಮಲಗಿ ಕೇಳಿಸಿಕೊಂಡ.

ಜೂನ್ 18

ಪಿಳ್ಳ, ನಾಳೆ ಬಂದು ಹೀಗೇ ಕೇಳುತ್ತೇನೆ. ಕೂಗುವುದಿಲ್ಲ.

ಡಬ್ಬ ಇನ್ನು ಹಲಗೆಯ ಕೆಳಗೆ ಬೇಡ. ಹಿಡಿಯ ಹತ್ತಿರ, ಮೇಲೆ, ರಬ್ಬರ್ ಸುತ್ತಿ. ಚಾರ್ಜು ರಸ್ತೆ ಬದಿಯಲ್ಲಿ, ನಾನು ಎದುರಿಗೆ ಕೂತಿದ್ದಾಗ ಮಾತ್ರ. ಹೊಗೆ ಬಂದರೆ ಓಡುವುದು, ಮುಟ್ಟುವುದಲ್ಲ. ಹೊಸ ಡಬ್ಬ ನೀನೇ ಕಟ್ಟಬೇಕು. ಬೇರೆಯವರಿಗೆ ಗಾಡಿ ಕೊಡಲ್ಲ, ಅಲ್ಲಿವರೆಗೆ ತಳ್ಳಿಕೊಂಡೇ ಹೋಗುತ್ತೇನೆ, ಮಂಡಿ ಹಾಳಾಗಲಿ.

ಡಾಕ್ಟರು ಇಪ್ಪತ್ತನೇ ತಾರೀಖು ಕೊನೆ ಅಂದಿದ್ದಾರೆ. ಆಪರೇಷನ್‌ಗೆ ಹೂಂ ಅಂತೀಯೋ ಇಲ್ಲವೋ? ಶುಕ್ರವಾರದೊಳಗೆ ಹೇಳು.