ಅಪೂರ್ವಳ ರಾಣಿ ವೇಷ

ಮಂಜಲ್‌ಪುರ, ೧೯ ಅಕ್ಟೋಬರ್ ೧೯೯೬, ಶನಿವಾರ

ಮಗಳಿಗೆ ಬಹುಮಾನ ಬರಲಿಲ್ಲ. ಆದರೂ ಖುಷಿಗೆ ನಿದ್ದೆ ಹತ್ತುತ್ತಿಲ್ಲ.

ನಮ್ಮ ವಸತಿ ಸೊಸೈಟಿಯ ನವರಾತ್ರಿಯಲ್ಲಿ ಮಕ್ಕಳ ವೇಷಸ್ಪರ್ಧೆ. ಅಪೂರ್ವ ರಾಣಿಯಾಗಬೇಕು ಅಂದಿದ್ದಳು. ವಾರವಿಡೀ ಇಬ್ಬರೂ ಪತ್ರಿಕೆಗಳ ಫೋಟೊ ಹರಡಿಕೊಂಡು ಕೂತಿದ್ದೆವು. ಅವಳಿಗೆ ವಿದೇಶಿ ಯುವರಾಣಿಯ ಗಿಡ್ಡ ಕೂದಲು, ಟೋಪಿ ಇಷ್ಟ. ನನಗೆ ರಜಪೂತ ರಾಣಿಯರ ತೆಳು ಶಿಫಾನ್, ಒಂದೆಳೆ ಮುತ್ತು. ಅಷ್ಟು ಕಮ್ಮಿ ಹಾಕಿಕೊಂಡು ಅದೇನು ಗತ್ತು! ಕೊನೆಗೆ ಅವಳೇ ಮೈಸೂರು ಅರಮನೆಯ ಫೋಟೊ ಎತ್ತಿಕೊಂಡಳು. ದೊಡ್ಡ ಜರಿ ಅಂಚಿನ ರೇಷ್ಮೆ, ಜಡೆ ತುಂಬ ಮಲ್ಲಿಗೆ. ನನ್ನ ಧಾರೆ ಸೀರೆಯನ್ನೇ ಅರ್ಧಕ್ಕೆ ಮಡಿಸಿ ಉಡಿಸಿದೆ.

ಅವಳು ವೇದಿಕೆ ಹತ್ತುವಾಗ ಪಕ್ಕದ ಮನೆ ಹಂಸಾಬೆನ್, "ಸೆರಗು ತಪ್ಪಾಯ್ತಲ್ಲ, ರಾಣಿಯರು ಬಲಭುಜದಿಂದ ಮುಂದಕ್ಕೆ ಹಾಕ್ತಾರೆ" ಅಂತ ಗುಜರಾತಿ ರೀತಿಗೆ ಸರಿಮಾಡಲು ಕೈಹಾಕಿದರು. ನಾನು ಸುಮ್ಮನಿದ್ದೆ. ಇವರಿಗೆ ಗುಜರಾತಿಗೆ ವರ್ಗವಾದಾಗಿನಿಂದ ಸುಮ್ಮನಿರುವುದೇ ನನಗೆ ರೂಢಿ. ಕನ್ನಡದಲ್ಲಿ ನೆಟ್ಟಗೆ ಎರಡು ಮಾತಾಡದ ಹುಡುಗಿ, ಸೆರಗು ಗಟ್ಟಿಯಾಗಿ ಹಿಡಿದುಕೊಂಡು ಗುಜರಾತಿಯಲ್ಲೇ ಅಂದಳು: "ಬಿಡಿ ಆಂಟಿ, ನಮ್ಮ ರಾಣಿಯರು ಹೀಗೇ ಉಡೋದು."

ನಮ್ಮ ರಾಣಿಯರಂತೆ! ಮೈಸೂರು ನೋಡಿದ್ದು ಒಂದೇ ಸಲ.

ಸೀರೆ ಬಿಚ್ಚಲು ಬಿಡದೆ ಹಾಗೇ ಮಲಗಿದ್ದಾಳೆ. ಸೆರಗು ಇನ್ನೂ ಮುಷ್ಟಿಯಲ್ಲೇ ಇದೆ. ಧಾರೆ ಸೀರೆ, ಬೆಳಗಾಗುವಷ್ಟರಲ್ಲಿ ಮುದ್ದೆಯಾಗುತ್ತೆ.

ಆಗಲಿ.