ಮೊದಲು ಮಾನ್ಯಾ ಬರುತ್ತಾಳೆ

ಮಾವನವರಿಗೆ,

ನಿನ್ನೆ ಸಂಜೆ ನೀವು ಫೋನ್ ಮಾಡಿದಾಗ ಸ್ಪೀಕರ್ ಹಾಕಿತ್ತು. ಅದು ನಿಮಗೆ ಗೊತ್ತಿರಲಿಲ್ಲ ಎಂದುಕೊಳ್ಳುತ್ತೇನೆ. ನಿತೀಶ ಪಾತ್ರೆ ತೊಳೆಯುತ್ತಿದ್ದರು, ಕೈ ಒದ್ದೆಯಾಗಿತ್ತು, ಅದಕ್ಕೇ ಸ್ಪೀಕರ್. "ರವಿವಾರ ಹೊಸಾ ಮನ್ಯಾಗ ಹಾಲು ಉಕ್ಕಸೂ ಮುಂದ ಸಣ್ಣಾಕೀನ ಮೊದಲ ಒಳಗ ಕರಕೊಂಡ ಬರ್ರಿ. ಆಕೀ ಕಾಲ್ಗುಣ ಗೊತ್ತೈತೆಲ್ಲಾ ನಿಮಗ. ದೊಡ್ಡಾಕಿ ಹಿಂದ ಬರಲಿ, ಏನ ಗಡಿಬಿಡಿ ಇಲ್ಲ" ಎಂದಿರಿ. ನಿಮ್ಮ ಮಗ "ಆತ ಬಿಡ್ರಿ ಅಪ್ಪಾ" ಎಂದರು. ದೊಡ್ಡಾಕಿ, ನನ್ನ ಮಾನ್ಯಾ, ಅಲ್ಲೇ ಮೇಜಿನ ಬಳಿ ಚಿತ್ರಕ್ಕೆ ಬಣ್ಣ ಹಚ್ಚುತ್ತಾ ಕೂತಿದ್ದಳು. ದೊಡ್ಡಾಕಿ ಎಂದರೆ ತಾನೇ ಎಂದು ಅವಳಿಗೆ ಗೊತ್ತು. ಇಂಗ್ಲಿಷಿನಲ್ಲಿ ಉತ್ತರ ಕೊಡುವುದರಿಂದ ಅವಳಿಗೆ ಕನ್ನಡ ತಿಳಿಯುವುದಿಲ್ಲ ಎಂದು ನೀವೆಲ್ಲ ತಿಳಿದಿದ್ದೀರಿ.

ನಾನು ಫೋನ್ ಕಸಿದುಕೊಂಡು ಏನಾದರೂ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಮಕ್ಕಳ ಮುಂದೆ ಆಡುವ ಮಾತಾಗಿರಲಿಲ್ಲ. ಅದಕ್ಕೆ ಈಗ, ಮಾನ್ಯಾಳನ್ನು ಶಾಲೆಗೆ ಬಿಟ್ಟು ಬಂದು, ಶರಣ್ಯಾಳನ್ನು ಎದೆಗೆ ಕಟ್ಟಿಕೊಂಡು ನಿಂತೇ ಬರೆಯುತ್ತಿದ್ದೇನೆ. ಕೂತರೆ ಅವಳು ಏಳುತ್ತಾಳೆ.

ಕಳೆದ ತಿಂಗಳ ಆ ಪ್ರವಾಸವನ್ನು ನೀವು ಸಿಕ್ಕವರಿಗೆಲ್ಲ ವರ್ಣಿಸುತ್ತಿದ್ದೀರಂತೆ. ಮಗ, ಸೊಸೆ, ಮೊಮ್ಮಕ್ಕಳನ್ನೆಲ್ಲ ಹಡಗು ಹತ್ತಿಸಿ ಫ್ರಾನ್ಸಿನ ಕ್ಯಾಸಿನೊ ಊರಿಗೆ ಒಂದೇ ದಿನದಲ್ಲಿ ಹೋಗಿ ಬಂದೆವು, ಸಣ್ಣ ಮೊಮ್ಮಗಳು ಮುಟ್ಟಿದ್ದೆಲ್ಲ ಬಂಗಾರವಾಯಿತು ಎಂದು. ಆ ಕತೆಯಲ್ಲಿ ಮಾನ್ಯಾ ಇಲ್ಲ. ನಾನು ಸೇರಿಸುತ್ತೇನೆ, ಕೇಳಿ.

ಅವಳು ಒಂದು ವಾರ ಮೊದಲೇ ಶಾಲೆಯಲ್ಲೆಲ್ಲ ಸಾರಿಕೊಂಡು ಬಂದಿದ್ದಳು, ಅಜ್ಜನ ಜೊತೆ ಹಡಗಿನಲ್ಲಿ ಹೋಗುತ್ತೇನೆಂದು. ಕ್ಯಾಸಿನೊ ಎಂದರೆ ಅರಮನೆ ಎಂದುಕೊಂಡಿದ್ದಳು. ಡೋವರ್ ಬಂದರಿನಲ್ಲಿ ಕಾರು ಹಡಗಿನ ಹೊಟ್ಟೆಯೊಳಗೆ ಇಳಿದಾಗ ಖುಷಿಯಿಂದ ಕಿರುಚಿದಳು. ಮೇಲೆ ಹೋದ ಮೇಲೆ ನೀವೇ ಅವಳನ್ನು ಕಿಟಕಿಗೆ ಎತ್ತಿ ಹಿಡಿದು, ದಡದ ಬಿಳಿ ಬಂಡೆಗಳನ್ನು ತೋರಿಸಿ, "ನೋಡವಾ ಅಲ್ಲೆ, ಇಡೀ ಗುಡ್ಡಕ್ಕ ಯಾರೋ ಸುಣ್ಣಾ ಬಳದಾರ" ಎಂದಿರಿ. ನಾನು ಚಟ್ನಿಪುಡಿಯ ಡಬ್ಬಿ ಬಿಚ್ಚಿದಾಗ, "ನಿಮ್ಮವ್ವ ಫ್ರಾನ್ಸಿಗೂ ಶೇಂಗಾ ಹಿಂಡಿ ಹೊತಗೊಂಡ ಬಂದಾಳ ನೋಡು, ಆ ಮಂದಿ ಹೆದರಿ ಹಡಗಾ ಹೊಳ್ಳಸ್ತಾರ" ಎಂದು ನನ್ನನ್ನು ರೇಗಿಸಿ, ಅವಳಿಗೆ ದೊಡ್ಡ ತಟ್ಟೆ ಚಿಪ್ಸ್ ಕೊಡಿಸಿದಿರಿ. ಕೆಚಪ್ ಮೊಣಕೈವರೆಗೆ ಸುರಿದಿತ್ತು. ನೀವಿಬ್ಬರೂ ನಗುತ್ತಿದ್ದಿರಿ. ಅದೇ ನನಗೆ ಇನ್ನೂ ಸಿಟ್ಟು ತರಿಸುವುದು, ಮಾವನವರೇ. ನಿಮಗೆ ಅವಳ ಮೇಲೆ ಪ್ರೀತಿಯೇ ಇಲ್ಲದಿದ್ದರೆ ನನ್ನ ಕೆಲಸ ಸುಲಭವಿತ್ತು.

ಕ್ಯಾಸಿನೊ ಒಳಗೆ ಮಕ್ಕಳನ್ನು ಬಿಡುವುದಿಲ್ಲ. ನಾನು ಇಬ್ಬರನ್ನೂ ಕಟ್ಟಿಕೊಂಡು ಹೊರಗೆ, ಸಮುದ್ರದ ಗಾಳಿಗೆ, ಮೆಟ್ಟಿಲ ಮೇಲೆ ಕೂತೆ. "ಅಲ್ಲಿ ನನ್ನ ಯಾರೂ ಡಾಕ್ಟರ್ ಸಾಹೇಬ್ರ ಅನ್ನೂದಿಲ್ಲ, ಮೊಣಕಾಲ ತೋರಸೂದಿಲ್ಲ, ಅದಕ್ಕ ಹೋಗತೀನಿ" ಎಂದು ನಗುತ್ತಾ ನೀವು ಒಳಗೆ ಹೋದಿರಿ. ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದಿರಿ, ಮುಖ ಇಳಿದಿತ್ತು. ಅಂಗೈಯಲ್ಲಿ ಹಣದ ಬದಲು ಕೊಡುವ ಜೂಜಿನ ಬಿಲ್ಲೆಗಳು. ಮಗುವಿನ ತಳ್ಳುಗಾಡಿಯ ಮುಂದೆ ಮೊಣಕಾಲೂರಿ, "ಮುಟ್ಟವ್ವಾ ನನ್ನ ಲಕ್ಷ್ಮೀ, ಒಂದ ಸಲ ಮುಟ್ಟು" ಎಂದು ಶರಣ್ಯಾಳ ಮುಂದೆ ಹಿಡಿದಿರಿ. ಅವಳು ಬಾಯಿಗೆ ಹಾಕಿಕೊಳ್ಳಲು ಹೋದಳು. ಮಾನ್ಯಾ ಓಡಿ ಬಂದು ತನ್ನ ಕೈಯನ್ನೂ ಚಾಚಿದಳು.

ನೀವು ಮುಷ್ಟಿ ಮುಚ್ಚಿದಿರಿ.

"ನೀ ಬ್ಯಾಡವಾ. ನೀ ಅಲ್ಲೆ ಸಮುದ್ರಾ ನೋಡ ಹೋಗು."

ಅವಳು ಕೈ ಹಿಂದೆ ತೆಗೆಯಲಿಲ್ಲ. ಕೆಚಪ್ ಅಂಟಿದೆ ಎಂದು ಅಜ್ಜ ಬೇಡವೆನ್ನುತ್ತಿದ್ದಾರೆ ಎಂದುಕೊಂಡಳು. ಎರಡೂ ಅಂಗೈ ತಿರುಗಿಸಿ ತೋರಿಸಿ, "ಬಟ್ ಅಜ್ಜಾ, ಐ ವಾಶ್ಡ್ ದೆಮ್" ಎಂದಳು. ನೀವು ಕೇಳಿಸಿಕೊಳ್ಳಲಿಲ್ಲ, ಆಗಲೇ ಮೆಟ್ಟಿಲು ಹತ್ತುತ್ತಿದ್ದಿರಿ. ಗೆದ್ದು ಬಂದಿರಿ. ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದಿರಿ, ಅವಳಿಗೂ. ನಿತೀಶ ನನ್ನ ಮುಖ ನೋಡಿ, "ಬಿಡು ಸ್ಫೂರ್ತಿ, ಅಪ್ಪಾರ ಮನಸಿನ್ಯಾಗ ಏನೂ ಇರೂದಿಲ್ಲ" ಎಂದರು. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ನಾನೇ ಹೇಳುತ್ತೇನೆ, ಈ ಮನೆಯಲ್ಲಿ ಯಾರೂ ಹೇಳುವುದಿಲ್ಲವಲ್ಲ.

ಮಾನ್ಯಾ ಹುಟ್ಟಿದ ವಾರವೇ ಅತ್ತೆ ಹೋದರು. ಲಾಕ್‌ಡೌನ್. ಒಂದು ಆಸ್ಪತ್ರೆಯಲ್ಲಿ ನಾನು, ಇನ್ನೊಂದರಲ್ಲಿ ಅವರು, ನೀವು ಮನೆಯಲ್ಲಿ ಒಬ್ಬರೇ, ಎರಡೂ ಕಡೆ ಹೋಗುವಂತಿಲ್ಲ. ಮೂವತ್ತು ವರ್ಷ ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿದ ನಿಮಗೆ ನಿಮ್ಮ ಹೆಂಡತಿಯ ಹಾಸಿಗೆಯ ಬಳಿ ನಿಲ್ಲಲು ಬಿಡಲಿಲ್ಲ. ಅದನ್ನು ನಾನು ಮರೆತಿಲ್ಲ. ಗುರುದೇವಿ ಅತ್ತೆಯನ್ನು ನಾನೂ ಕಳೆದುಕೊಂಡವಳೇ. ನನ್ನ ಬಾಣಂತನಕ್ಕೆಂದು ಅವರು ತುಪ್ಪದಲ್ಲಿ ಕಟ್ಟಿಟ್ಟಿದ್ದ ಅಂಟಿನುಂಡಿಯನ್ನು, ಅವರು ಹೋದ ಮೇಲೆ, ಅಳುತ್ತಾ ತಿಂದವಳು ನಾನು.

ವಿಜಯಪುರದ ಎಲ್ಲ ನೆಂಟರಿಗೂ ನೀವೇ ಫೋನಿನಲ್ಲಿ ವಿವರಿಸಿದಿರಿ, ಶ್ವಾಸಕೋಶಕ್ಕೆ ಏನಾಯಿತು, ಆಕ್ಸಿಜನ್ ಏಕೆ ಸಾಲಲಿಲ್ಲ ಎಂದೆಲ್ಲ. ಡಾಕ್ಟರರ ಹಾಗೆ. ಆಮೇಲೆ ನಿಮ್ಮ ತಂಗಿ ಪ್ರಭಾ ಅವರು ವಿಡಿಯೊ ಕಾಲ್‌ನಲ್ಲಿ, "ಕೂಸಿನ ಕಾಲ್ಗುಣ ನೋಡ್ರಿ, ಬರೂದ ಅಜ್ಜೀನ ತಗೊಂಡ ಹೋತು" ಎಂದರು. ನೀವು ತುಟಿ ಬಿಚ್ಚಲಿಲ್ಲ. ಅಲ್ಲ ಎನ್ನಬಲ್ಲವರು ಇಡೀ ಕುಟುಂಬದಲ್ಲಿ ನೀವೊಬ್ಬರೇ ಇದ್ದಿರಿ. ಮುಂದೆ ಶರಣ್ಯಾ ಹುಟ್ಟಿದ ವಾರ ನಿಮ್ಮ ಹೊಟ್ಟೆಯ ಗಂಟು ಕ್ಯಾನ್ಸರ್ ಅಲ್ಲ ಎಂದು ರಿಪೋರ್ಟ್ ಬಂತು. ಅಂದಿನಿಂದ ಇವಳು ಲಕ್ಷ್ಮಿ, ಅವಳು ದೊಡ್ಡಾಕಿ.

ನೀವು ಮೂಳೆ ಡಾಕ್ಟರು. ಮಗುವಿನ ಅಂಗೈ, ಅಂಗಾಲಿನ ಒಂದೊಂದು ಮೂಳೆಯನ್ನೂ ಹೆಸರು ಹಿಡಿದು ಕರೆಯಬಲ್ಲಿರಿ. ಹೇಳಿ, ನನ್ನ ಮಗಳ ಯಾವ ಮೂಳೆಯಲ್ಲಿದೆ ಆ ಕಾಲ್ಗುಣ?

ಹಿಂದಿರುಗುವ ಹಡಗಿನಲ್ಲಿ ಮಾನ್ಯಾ ಕಾಣಲಿಲ್ಲ. ನನ್ನ ಜೀವವೇ ಹೋಗಿತ್ತು. ಸುತ್ತ ನೀರು, ಜನ, ಐದು ವರ್ಷದ ಹುಡುಗಿ. ಹೆಂಗಸರ ಟಾಯ್ಲೆಟ್‌ನಲ್ಲಿ ಸಿಕ್ಕಳು. ಒತ್ತಿದರೆ ಮಾತ್ರ ನೀರು ಬಿಟ್ಟು ತಾನೇ ನಿಲ್ಲುವ ನಲ್ಲಿ. ತುದಿಗಾಲಲ್ಲಿ ನಿಂತು ಒತ್ತುತ್ತಾಳೆ, ಸೋಪು ಹಾಕುತ್ತಾಳೆ, ನೀರು ನಿಲ್ಲುತ್ತದೆ, ಮತ್ತೆ ಒತ್ತುತ್ತಾಳೆ. ಬೆರಳೆಲ್ಲ ಮುದುಡಿ ಬೆಳ್ಳಗಾಗಿದ್ದವು.

ಅದೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಈಗ ಅವಳು ತಂಗಿಯನ್ನು ಮುಟ್ಟುವುದಿಲ್ಲ. ಮೊದಲು ದಿನವಿಡೀ ಎತ್ತಿಕೊಳ್ಳುತ್ತೇನೆಂದು ಜೀವ ತಿನ್ನುತ್ತಿದ್ದಳು. ಈಗ ಶರಣ್ಯಾ ತೆವಳಿಕೊಂಡು ಹತ್ತಿರ ಬಂದರೆ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಗೆ ಸರಿಯುತ್ತಾಳೆ. ಏಕೆಂದು ಕೇಳಿದೆ. "ಶಿ ಈಸ್ ದ ಲಕಿ ಒನ್, ಅಮ್ಮಾ. ಐ ವಿಲ್ ಮೇಕ್ ಇಟ್ ಗೋ ಅವೇ" ಎಂದಳು. ತಂಗಿಯ ಅದೃಷ್ಟ ತನ್ನ ಕೈ ತಾಗಿ ಹೋಗಿಬಿಡುತ್ತದಂತೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ನೀವು ಮುಚ್ಚಿದ ಮುಷ್ಟಿಯಿಂದ ತಾನೇ ಕಲಿತಳು. ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ತೊಳೆದು ತೊಳೆದು ಒಡೆದ ಕೈಯ ಚರ್ಮಕ್ಕೆ ಕ್ರೀಮ್ ಬರೆದುಕೊಟ್ಟರು. ಉಳಿದದ್ದನ್ನು ನಾನು ಯಾವ ಇಂಗ್ಲಿಷಿನಲ್ಲಿ ಹೇಳಲಿ? ಕಾಲ್ಗುಣಕ್ಕೆ ಆ ಭಾಷೆಯಲ್ಲಿ ಪದವಿಲ್ಲ, ಪುಣ್ಯ.

ಶರಣ್ಯಾಳ ಬಗ್ಗೆಯೂ ನನಗೆ ಇಷ್ಟೇ ಭಯ. ನಾಳೆ ನೀವು ಸೋತರೆ? ಮುಂದಿನ ರಿಪೋರ್ಟ್ ಕೆಟ್ಟರೆ? ಆ ದಿನ ಇವಳ ಪಾದಗಳನ್ನು ಹೇಗೆ ನೋಡುತ್ತೀರಿ? ನನಗೆ ಅದೃಷ್ಟವಂತ ಮಗಳೂ ಬೇಡ, ದುರದೃಷ್ಟದ ಮಗಳೂ ಬೇಡ. ಅಕ್ಕ ತಂಗಿ ಬೇಕು.

ಆದ್ದರಿಂದ ಭಾನುವಾರ ಹೀಗಾಗುತ್ತದೆ. ನಿಮ್ಮ ಮಗನಿಗೂ ಹೇಳಿದ್ದೇನೆ. ರೇನರ್ಸ್ ಲೇನ್‌ನ ನಿಮ್ಮ ಹೊಸ ಫ್ಲಾಟಿಗೆ ನಾವು ಬರುತ್ತೇವೆ. ಲಿಫ್ಟ್‌ನಿಂದ ಎಲ್ಲರಿಗಿಂತ ಮುಂದೆ ಮಾನ್ಯಾ ಬರುತ್ತಾಳೆ. ಬಲಗಾಲಿಡು ಎಂದು ನಾನು ಹೇಳಿಕೊಡುವುದಿಲ್ಲ, ಯಾವುದು ಮೊದಲು ಬೀಳುತ್ತದೋ ಅದೇ ಬೀಳಲಿ. ನೀವೇ ಬಾಗಿಲು ತೆಗೆಯಬೇಕು. ಅವಳ ಎರಡೂ ಕೈ ಹಿಡಿದು, ಕನ್ನಡದಲ್ಲಿ, "ಬಾರವಾ, ಒಳಗ ಬಾ" ಎನ್ನಬೇಕು. ಕ್ಷಮೆ ಕೇಳಬೇಡಿ, ಅವಳಿಗೆ ಅದು ಅರ್ಥವಾಗುವುದಿಲ್ಲ. ಅವಳ ತಲೆಯ ಮೇಲಿಂದ ನಿಮ್ಮ ಕಣ್ಣು ಸಣ್ಣವಳನ್ನು ಹುಡುಕಿದರೆ ಸಾಕು, ನಾನು ಇಬ್ಬರನ್ನೂ ಕರೆದುಕೊಂಡು ಅದೇ ಲಿಫ್ಟ್‌ನಲ್ಲಿ ಇಳಿಯುತ್ತೇನೆ. ನಿತೀಶ ಬಾಗಿಲಿನ ಯಾವ ಬದಿಗೆ ನಿಲ್ಲಬೇಕೋ ಅವರೇ ನೋಡಿಕೊಳ್ಳಲಿ.

ಹಿರಿಯರನ್ನು ಹರಸುವಷ್ಟು ದೊಡ್ಡವಳಲ್ಲ ನಾನು. ಆದರೂ ಹಾರೈಸುತ್ತೇನೆ, ಮನಸಾರೆ: ಹಾಲು ಚೆನ್ನಾಗಿ ಉಕ್ಕಲಿ, ಹೊಸ ಮನೆಯಲ್ಲಿ ನಿಮಗೆ ನೂರು ಕಾಲ ಸುಖವಾದ ನಿದ್ದೆ ಬರಲಿ. ನನಗೆ ಬರುತ್ತದೋ ಇಲ್ಲವೋ, ಭಾನುವಾರ ನಿಮ್ಮ ಬಾಗಿಲಲ್ಲಿ ತಿಳಿಯುತ್ತದೆ.

ನಿಮ್ಮ ಸೊಸೆ, ಅದಕ್ಕೂ ಮೊದಲು ಮಾನ್ಯಾಳ ತಾಯಿ,
ಸ್ಫೂರ್ತಿ